ಹೋಗಿಬರ್ತೀನಿ ಅಂತ ಹೇಳಿ ಹೋಗಿ

ಜೂನ್ ಮೊದಲ ವಾರದಲ್ಲಿ ನಾನು ಒಳ್ಳೆ ಸೀರೆ ಉಡುವುದಿಲ್ಲ. ಕೆಲಸಕ್ಕೆ ಸೇರಿದ ವರ್ಷ, ಶಾಲೆ ಶುರುವಾಗುವ ದಿನ ಅಂತ ಒಂದು ಚೆಂದದ ಸೀರೆಗೆ ಇಸ್ತ್ರಿ ಮಾಡಿ ಉಟ್ಟುಕೊಂಡು ಹೋಗಿದ್ದೆ. ಹತ್ತು ಗಂಟೆ ಹೊತ್ತಿಗೆ ಎಡ ಹೆಗಲ ಮೇಲೆ ಎರಡು ಮಕ್ಕಳ ಸಿಂಬಳ, ಸೊಂಟದ ಹತ್ತಿರ ಇನ್ನೊಂದು ಮಗುವಿನ ಉಚ್ಚೆ, ನೆರಿಗೆಯೊಳಗೆ ಅರ್ಧ ಕಡಿದ ಬಿಸ್ಕತ್ತು. ನಮ್ಮ ಆಯಮ್ಮ ನೋಡಿ ನಕ್ಕರು. "ಹಳೇದು ಉಟ್ಕೊಂಡ್ ಬನ್ನಿ ಮಿಸ್. ಒಗೆದೂ ಒಗೆದೂ ಮೆತ್ತಗಾಗಿರೋದು. ಮಕ್ಕಳ ಕೆನ್ನೆಗೂ ಹಿತ."

ಮೈಸೂರಿನ ಒಂದು ಬಡಾವಣೆಯ ಪುಟ್ಟ ನರ್ಸರಿಯಲ್ಲಿ ನಾನು ಟೀಚರ್. ಹದಿನಾಲ್ಕು ವರ್ಷ ಆಯಿತು. ಅಂದರೆ ಹದಿನಾಲ್ಕು ಜೂನ್.

ಆ ವಾರ ಗೇಟಿನ ಹತ್ತಿರ ನಡೆಯುವುದನ್ನು ಒಂದು ಸಲ ನೋಡಬೇಕು ನೀವು. ಹೊರಗೆ ಜಿಟಿಜಿಟಿ ಮಳೆ. ಹೊಸ ರೇನ್‌ಕೋಟಿನ ಪ್ಲಾಸ್ಟಿಕ್ ವಾಸನೆ. ಬೆನ್ನಿಗಿಂತ ದೊಡ್ಡ ಬ್ಯಾಗು, ಕುತ್ತಿಗೆಗೆ ನೇತು ಹಾಕಿದ ನೀರಿನ ಬಾಟಲಿ. ಒಂದು ಮಗು ಅತ್ತರೆ ಸಾಕು, ಪಕ್ಕದ್ದೂ ಶುರು. ಅದಕ್ಕೆ ಕಾರಣವೇ ಬೇಡ. ಗೇಟಿನ ಆಚೆ ಅಮ್ಮಂದಿರ ಕಣ್ಣೂ ಕೆಂಪು. ಅಪ್ಪಂದಿರು ಮಾತ್ರ ಫೋನ್ ನೋಡುತ್ತಾ ನಿಂತಿರುತ್ತಾರೆ. ಹತ್ತಿರ ಹೋಗಿ ನೋಡಿದರೆ ಫೋನಿನ ಸ್ಕ್ರೀನ್ ಆಫ್ ಆಗಿರುತ್ತದೆ.

ಆಮೇಲೆ ಶುರುವಾಗುತ್ತದೆ ಸುಳ್ಳುಗಳ ಸರಮಾಲೆ.

"ಕಾರ್ ಪಾರ್ಕ್ ಮಾಡಿ ಬಂದ್ಬಿಡ್ತೀನಿ ಪುಟ್ಟಾ." "ಐದೇ ನಿಮಿಷ, ಚಾಕಿ ತರ್ತೀನಿ." "ಅಮ್ಮ ಇಲ್ಲೇ ಹೊರಗಡೆ ಕೂತಿರ್ತೀನಿ, ಎಲ್ಲೂ ಹೋಗಲ್ಲ." ಈ ಕೊನೆಯದನ್ನು ನಂಬಿದ ಒಬ್ಬ ಹುಡುಗ ಇಡೀ ಬೆಳಿಗ್ಗೆ ಕಿಟಕಿ ಬಿಟ್ಟು ಕದಲಲಿಲ್ಲ. ಅಳಲಿಲ್ಲ ಕೂಡ. ಕಿಟಕಿಯ ಸರಳು ಹಿಡಿದು, ಮಾವಿನ ಮರದ ಕೆಳಗಿನ ಸಿಮೆಂಟು ಬೆಂಚನ್ನೇ ನೋಡುತ್ತಿದ್ದ. ಬೆಂಚು ಖಾಲಿ. ಅಮ್ಮ ಹೇಳಿದ್ದಾಳೆ ಅಂದಮೇಲೆ ಇರಬೇಕಲ್ಲ? ಎಲ್ಲೋ ಸ್ವಲ್ಪ ಆಚೆ ಹೋಗಿರಬೇಕು, ಈಗ ಬರುತ್ತಾಳೆ. ಅವನ ಮುಖದಲ್ಲಿ ಇದ್ದದ್ದು ದುಃಖ ಅಲ್ಲ, ಲೆಕ್ಕಾಚಾರ. ಗೊಂಬೆ ಬೇಡ, ಹಾಡು ಬೇಡ, ಡಬ್ಬಿಯಲ್ಲಿದ್ದ ಚಿತ್ರಾನ್ನ ಹಾಗೇ ವಾಪಸ್ ಹೋಯಿತು. ಕಿರುಚಿ ಅಳುವ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡಬಹುದು. ಕಾವಲು ಕಾಯುವ ಮಗುವನ್ನು ಏನು ಮಾಡುತ್ತೀರಿ?

ಬೇರೆಯವರ ತಪ್ಪು ಹೇಳುವ ಮೊದಲು ನನ್ನದು ಹೇಳಿಬಿಡುತ್ತೇನೆ. ನಾನು ಟೀಚರ್ ಆಗುವುದಕ್ಕಿಂತ ಮುಂಚೆ ನನ್ನ ಮಗಳನ್ನು ಮನೆ ಹತ್ತಿರದ ಒಂದು ನರ್ಸರಿಗೆ ಸೇರಿಸಿದೆ. ಮೂರು ವರ್ಷಕ್ಕೆ ಎರಡು ತಿಂಗಳು ಕಮ್ಮಿ. ಮೊದಲ ದಿನ ಅಲ್ಲಿನ ಟೀಚರ್ ನನ್ನ ಕಿವಿಯಲ್ಲಿ, "ಅವಳು ಆಟದಲ್ಲಿ ಮುಳುಗಿದ್ದಾಗ ಮೆಲ್ಲಗೆ ಹೊರಟ್ಬಿಡಿ, ತಿರುಗಿ ನೋಡ್ಬೇಡಿ" ಅಂದರು. ಮಗಳು ಮರದ ಕುದುರೆ ಮೇಲೆ ಕೂತಿದ್ದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದೆ. ಸದ್ದಾಗಬಾರದು ಅಂತ! ಹೆತ್ತ ಮಗಳ ಹತ್ತಿರದಿಂದ ಕಳ್ಳಿಯ ಹಾಗೆ.

ಅವತ್ತು ಸಂಜೆಯಿಂದ ಅವಳು ನನ್ನನ್ನು ಬಚ್ಚಲಮನೆಗೂ ಬಿಡಲಿಲ್ಲ. ಬಾಗಿಲ ಹೊರಗೆ ಕೂತು, ಬಾಗಿಲ ಕೆಳಗಿನ ಸಂದಿಯಲ್ಲಿ ಬೆರಳು ತೂರಿಸಿ, "ಅಮ್ಮಾ ಇದೀಯಾ?" ಅನ್ನುತ್ತಿದ್ದಳು. ಇದೀನಿ ಅಂದರೂ ಅರ್ಧ ನಿಮಿಷಕ್ಕೆ ಮತ್ತೆ ಅದೇ. ರಾತ್ರಿ ನನ್ನ ಮಾಂಗಲ್ಯದ ಸರ ಅವಳ ಮುಷ್ಟಿಯಲ್ಲಿ. ನಿದ್ದೆ ಬಂದಮೇಲೆ ಬಿಡಿಸಿಕೊಳ್ಳೋಣ ಅಂದರೆ ನಿದ್ದೆಯಲ್ಲೂ ಬಿಗಿ. ಸುಮಾರು ಎರಡು ತಿಂಗಳು ಹೀಗೇ ನಡೆಯಿತು. ನರ್ಸರಿಯವರು ಮಾತ್ರ, "ನಿಮ್ಮ ಮಗಳು ಒಳ್ಳೆ ಹುಡುಗಿ, ಅಳೋದೇ ಇಲ್ಲ" ಅಂತ ಹೊಗಳುತ್ತಿದ್ದರು.

ಈ ಯೋಚನೆ ಬಂದದ್ದು ಎಷ್ಟೋ ವರ್ಷ ಆದಮೇಲೆ. ನಮ್ಮಲ್ಲಿ ಯಾರ ಮನೆಯಿಂದಲೂ ಹೊರಡುವಾಗ "ಹೋಗ್ತೀನಿ" ಅನ್ನುವುದಿಲ್ಲ, ಅಲ್ವಾ? ಅಂದರೆ ಹಿರಿಯರು ಗದರುತ್ತಾರೆ. "ಹೋಗ್ತೀನಿ ಅನ್ಬಾರ್ದು, ಹೋಗಿಬರ್ತೀನಿ ಅನ್ನು." ಬೀಳ್ಕೊಡುವ ಮಾತಿನೊಳಗೇ ವಾಪಸ್ ಬರುವ ಮಾತನ್ನೂ ಕಟ್ಟಿಟ್ಟಿದ್ದಾರೆ. ಅಂಗಡಿಯವರಿಗೆ ಹೇಳುತ್ತೇವೆ, ಪಕ್ಕದ ಮನೆಯವರಿಗೆ ಹೇಳುತ್ತೇವೆ, ಮತ್ತೆಂದೂ ಸಿಗದ ಬಸ್ಸಿನ ಸಹಪ್ರಯಾಣಿಕರಿಗೂ ಹೇಳುತ್ತೇವೆ. ಆ ಮಾತು ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ, ಆ ಮೂರು ವರ್ಷದ ಜೀವಕ್ಕೆ ಮಾತ್ರ ಹೇಳದೆ ಹಿಂದಿನ ಬಾಗಿಲಿಂದ ಹೊರಡುತ್ತೇವೆ.

ಹೇಳಿ ಹೋದರೆ ಅಳುತ್ತದೆ. ನಿಜ. ಜೋರಾಗೇ ಅಳುತ್ತದೆ. ಆದರೆ ಆ ಅಳುವಿಗೆ ಒಂದು ತುದಿ ಇದೆ. ಅಮ್ಮ ಹೇಳಿದಳು, ಹೋದಳು, ಹೇಳಿದ ಹೊತ್ತಿಗೆ ಬಂದಳು. ಇದು ನಾಲ್ಕು ಸಲ, ಹತ್ತು ಸಲ ಆಗುತ್ತಿದ್ದ ಹಾಗೆ ಅಳು ತಾನಾಗೇ ಗಿಡ್ಡ ಆಗುತ್ತದೆ. ಹೇಳದೆ ಹೋದರೆ ಅವತ್ತಿನ ಅಳು ತಪ್ಪಿರಬಹುದು. ಆದರೆ ಅಮ್ಮ ಯಾವ ಹೊತ್ತಿಗೆ ಬೇಕಾದರೂ ಮಾಯ ಆಗಬಹುದು ಅನ್ನುವುದು ಮಗುವಿಗೆ ಗೊತ್ತಾಗಿಬಿಟ್ಟಿರುತ್ತದೆ. ಆಮೇಲೆ ಅದು ಆಟದಲ್ಲಿ ಮುಳುಗುವುದಕ್ಕೇ ಹೆದರುತ್ತದೆ. ಕುದುರೆ ಮೇಲೆ ಕೂತಿದ್ದಾಗ ತಾನೇ ಅಮ್ಮ ಕಳೆದುಹೋದದ್ದು? ನನ್ನ ಮಗಳು ಆ ವರ್ಷವಿಡೀ ಮತ್ತೆ ಆ ಕುದುರೆ ಹತ್ತಲಿಲ್ಲ.

ಹೇಳುವುದರಲ್ಲೂ ಒಂದು ರೀತಿ ಇದೆ. "ಹನ್ನೆರಡು ಗಂಟೆಗೆ ಬರ್ತೀನಿ" ಅಂದರೆ ಮೂರು ವರ್ಷದ ಮಗುವಿಗೆ ಅದು ಹನ್ನೆರಡು ವರ್ಷ ಅಂದ ಹಾಗೇ. ಮಗುವಿನ ಗಡಿಯಾರ ಬೇರೆ. "ನೀನು ಆಟ ಆಡ್ತೀಯಾ, ಆಮೇಲೆ ಡಬ್ಬಿ ಊಟ, ಆಮೇಲೆ ಕೈ ತೊಳ್ಕೋತೀಯಾ, ಆಮೇಲೆ ಒಂದು ಹಾಡು. ಹಾಡು ಮುಗೀತಿದ್ದ ಹಾಗೆ ಅಜ್ಜಿ ಬಂದಿರ್ತಾರೆ." ಹೀಗೆ ಹೇಳಿ ನೋಡಿ. ಕೈ ತೊಳೆಯುವ ಹೊತ್ತಿಗೆ ಮುಖ ಅರಳಿರುತ್ತದೆ. ಆದರೆ ಅಜ್ಜಿ ಬಂದಿರಲೇಬೇಕು. ಟ್ರಾಫಿಕ್ಕು, ಮೀಟಿಂಗು ಎಲ್ಲ ಮೊದಲ ಎರಡು ವಾರ ನಡೆಯುವುದಿಲ್ಲ. ಗೇಟಿನಿಂದ ಒಂದೊಂದೇ ಮಗು ಹೊರಡುತ್ತಾ, ಕೊನೆಗೆ ಉಳಿದ ಮಗುವಿನ ಮುಖ ನೀವು ನೋಡಿಲ್ಲ. ನಾನು ನೋಡಿದ್ದೇನೆ.

ಹೇಳಿದ ಮೇಲೆ ಹೊರಡಬೇಕು ಕೂಡ. ಒಂದು ಮುತ್ತು, ಒಂದು ಟಾಟಾ, ಮುಗೀತು. ಕೆಲವರು ಹೋಗುತ್ತಾರೆ, ಅಳು ಕೇಳಿ ವಾಪಸ್ ಬರುತ್ತಾರೆ, ಮತ್ತೆ ಮುತ್ತು, ಮತ್ತೆ ಹೊರಡುತ್ತಾರೆ, ಮತ್ತೆ ಬರುತ್ತಾರೆ. ಗಾಯದ ಪಟ್ಟಿಯನ್ನು ಚೂರು ಚೂರೇ ಕೀಳುವ ಹಾಗೆ. ಮಗು ಹತ್ತು ನಿಮಿಷದಲ್ಲಿ ಮರಳಿನ ಗುಂಡಿಯಲ್ಲಿ ಕೂತು ಹಲ್ಲಿಯ ಬಗ್ಗೆ ಮಾತಾಡುತ್ತಿರುತ್ತದೆ. ಅಮ್ಮ ಇನ್ನೂ ಸ್ಕೂಟಿ ಸ್ಟಾರ್ಟ್ ಮಾಡಿರುವುದಿಲ್ಲ. "ಮಿಸ್, ಒಂದೇ ಒಂದು ಫೋಟೋ ಕಳ್ಸಿ" ಅಂತ ವಾಟ್ಸಾಪ್. ಕಳಿಸುತ್ತೇನೆ. ಮೊದಲ ವಾರ ಯಾರು ಕೇಳಿದರೂ ಕಳಿಸುತ್ತೇನೆ. ಒಗ್ಗಿಕೊಳ್ಳಬೇಕಾದವರು ಮಕ್ಕಳೊಬ್ಬರೇ ಅಲ್ಲವಲ್ಲ.

ನನ್ನ ಕಾಲೇಜಿನ ಗೆಳತಿಯೊಬ್ಬಳು ಹಾಸನದವಳು, ಈಗ ಜರ್ಮನಿಯಲ್ಲಿದ್ದಾಳೆ. ಅವಳ ಮಗನನ್ನು ಅಲ್ಲಿನ ಶಿಶುವಿಹಾರಕ್ಕೆ ಸೇರಿಸಿದಾಗ ದಿನಾ ಫೋನಿನಲ್ಲಿ ವರದಿ ಕೊಡುತ್ತಿದ್ದಳು. ಅಲ್ಲಿ ಇದಕ್ಕೆಂದೇ ಒಂದು ಕ್ರಮ ಇದೆ. ಬರ್ಲಿನ್ ಮಾದರಿ ಅನ್ನುತ್ತಾರೆ, 1980ರ ದಶಕದಲ್ಲಿ ರೂಪಿಸಿದ್ದು. ಮೊದಲ ಮೂರು ದಿನ ಅಮ್ಮನೋ ಅಪ್ಪನೋ ಮಗುವಿನ ಜೊತೆಗೇ ಬಂದು, ಒಂದು ಮೂಲೆಯಲ್ಲಿ ಸುಮ್ಮನೆ ಕೂರಬೇಕು. ಆಡಿಸಬಾರದು, "ಹೋಗು ಹೋಗು" ಅಂತ ತಳ್ಳಲೂಬಾರದು. ಮಗು ತಾನಾಗಿ ಬಂದರೆ ತಬ್ಬಿಕೊಳ್ಳಬೇಕು, ಅಷ್ಟೇ. ನಾಲ್ಕನೇ ದಿನ ಮೊದಲ ಬಾರಿಗೆ ಹೇಳಿ ಹೊರಗೆ ಹೋಗುವುದು, ಅದೂ ಜಾಸ್ತಿ ಅಂದರೆ ಅರ್ಧ ಗಂಟೆ. ಆ ನಾಲ್ಕನೇ ದಿನ ಸೋಮವಾರ ಬಂದರೆ ಮಂಗಳವಾರಕ್ಕೆ ಹಾಕುತ್ತಾರೆ. ಎರಡು ದಿನ ಮನೆಯಲ್ಲಿದ್ದು ಬಂದ ಮಗುವಿಗೆ ಅದು ಕಷ್ಟ ಅಂತ. ಟೀಚರ್ ಸಮಾಧಾನ ಮಾಡಿದಾಗ ಮಗು ಬೇಗ ಸುಮ್ಮನಾದರೆ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ಇಲ್ಲವಾದರೆ ಎರಡು ಮೂರು ವಾರ. ಯಾರೂ ಗಡಿಬಿಡಿ ಮಾಡುವುದಿಲ್ಲ.

"ಅಯ್ಯೋ, ಅಷ್ಟು ರಜೆ ನಮ್ಮಲ್ಲಿ ಯಾರು ಕೊಡ್ತಾರೆ?" ಅಂದೆ. "ಇಲ್ಲೂ ಗೊಣಗಾಡ್ಕೊಂಡೇ ಕೊಡ್ತಾರೆ ಕಣೆ" ಅಂದಳು.

ಅದನ್ನೇ ಇಲ್ಲಿಗೆ ತರುವುದಕ್ಕೆ ಆಗುವುದಿಲ್ಲ. ಒಂದು ಕೋಣೆಯಲ್ಲಿ ಇಪ್ಪತ್ತು ಮಕ್ಕಳು, ಇಪ್ಪತ್ತು ಅಮ್ಮಂದಿರು ಕೂತರೆ ಅದು ನರ್ಸರಿ ಅಲ್ಲ, ಮದುವೆ ಮನೆ. ನಾವು ಮಾಡಿಕೊಂಡ ದಾರಿ ಇಷ್ಟು: ಮೊದಲ ವಾರ ಆರಾರು ಮಕ್ಕಳ ಗುಂಪು, ಒಂದೊಂದು ಗುಂಪಿಗೆ ಒಂದೊಂದು ಗಂಟೆ, ಮನೆಯವರು ಒಬ್ಬರು ಒಳಗೇ ಇರಬಹುದು. ಕೆಲವು ಅಪ್ಪಂದಿರು, "ಪೂರ್ತಿ ಫೀಸ್ ಕಟ್ಟಿದೀವಿ, ಒಂದು ಗಂಟೆಗೆ ಕಳಿಸ್ತೀರಲ್ಲ" ಅಂತ ತಕರಾರು ಮಾಡಿದ್ದುಂಟು. ಅದೇ ಅಪ್ಪಂದಿರು ಆ ಒಂದು ಗಂಟೆ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತು, ಬ್ಲಾಕ್ ಜೋಡಿಸಿ, ಎದ್ದು ಹೋಗುವುದಕ್ಕೆ ಮನಸ್ಸೇ ಇಲ್ಲದೆ ನಿಂತದ್ದೂ ಉಂಟು.

ನಮ್ಮಮ್ಮನ ಮುಂದೆ ಇದನ್ನೆಲ್ಲ ಹೇಳಿದರೆ ಅವರಿಗೆ ನಗು. ಅಮ್ಮ ಅಂಗನವಾಡಿ ಟೀಚರ್ ಆಗಿದ್ದವರು, ತಿ. ನರಸೀಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ ಮೊದಲು ಬಂದದ್ದೇ ಆ ತಾಲ್ಲೂಕಿಗೆ, 1975ರ ಅಕ್ಟೋಬರ್ 2ರಂದು, ನೂರು ಕೇಂದ್ರಗಳೊಂದಿಗೆ. ಅಮ್ಮ ಸೇರಿದ್ದು ಅದಾದ ಕೆಲವು ವರ್ಷಕ್ಕೆ. ನಾನು ಚಿಕ್ಕವಳಿದ್ದಾಗ ಆ ಕೋಣೆಯಲ್ಲೇ ಬೆಳೆದೆ. ಹೆಂಚಿನ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ, ಮೂಲೆಯಲ್ಲಿ ಒಲೆ. ಹೆಸರುಕಾಳಿನ ಉಸಲಿಯ ವಾಸನೆ ಬೀದಿಗೆಲ್ಲ ಬರುತ್ತಿತ್ತು. ಮಕ್ಕಳು ಬರುತ್ತಿದ್ದದ್ದು ಅಕ್ಕನ ಸೊಂಟದ ಮೇಲೆ. ಅಕ್ಕನಿಗೂ ಎಂಟೋ ಒಂಬತ್ತೋ ವರ್ಷ. ಅಳುವ ಮಗುವಿದ್ದರೆ ಅಮ್ಮ, "ನೀನೂ ಕೂತ್ಕೊಳ್ಳೇ ಒಸಿ ಹೊತ್ತು" ಅಂತ ಅಕ್ಕನನ್ನೂ ಕೂರಿಸಿಕೊಳ್ಳುತ್ತಿದ್ದರು. ಬರ್ಲಿನ್ ಮಾದರಿಯೇ ಆಯಿತಲ್ಲ! ನಡುವೆ ಮನೆ ನೆನಪಾದ ಮಗು ಎದ್ದು ಓಡುತ್ತಿತ್ತು. ಮೂರು ಮನೆ ಆಚೆ ಅದರ ಮನೆ. ಅಜ್ಜಿಯ ಮುಖ ನೋಡಿ, ಒಂದು ಸುತ್ತು ಹೊಡೆದು, ಉಸಲಿಯ ಹೊತ್ತಿಗೆ ವಾಪಸ್. ಅಮ್ಮ ತಡೆಯುತ್ತಿರಲಿಲ್ಲ.

ಅಂಗನವಾಡಿ ಅನ್ನುವ ಹೆಸರಿನಲ್ಲೇ ಅಂಗಳ ಇದೆ. ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಅಂತ ಒಬ್ಬರಿದ್ದರು. 1945ರಲ್ಲಿ ಬೋರ್ಡಿ ಅನ್ನುವ ಊರಿನಲ್ಲಿ ಹಳ್ಳಿ ಮಕ್ಕಳಿಗೆ ಶಿಶುಶಿಕ್ಷಣ ಶುರು ಮಾಡಿದವರು. ಜೊತೆಗೆ ಅನುತಾಯಿ ವಾಘ್. ಬಡವರ, ಆದಿವಾಸಿಗಳ ಮಕ್ಕಳು ಶಾಲೆಗೆ ಬರದಿದ್ದಾಗ ಇವರು ಶಾಲೆಯನ್ನೇ ಅವರ ಅಂಗಳಕ್ಕೆ ತೆಗೆದುಕೊಂಡು ಹೋದರು. ಈಗ ನಾವು ಮಾಡುತ್ತಿರುವುದು ತಲೆಕೆಳಗು. ಎರಡೂವರೆ ವರ್ಷದ ಮಗುವನ್ನು ವ್ಯಾನಿಗೆ ಹತ್ತಿಸಿ ಆರು ಕಿಲೋಮೀಟರ್ ದೂರಕ್ಕೆ ಕಳಿಸುತ್ತೇವೆ. ಆಮೇಲೆ ಯಾಕೆ ಅಳುತ್ತದೆ ಅಂತ ಕೇಳುತ್ತೇವೆ. ಏನು ದೊಡ್ಡ ಶಾಲೆಯೇ ಆಗಲಿ, ಮನೆಗೆ ಹತ್ತಿರದ್ದು ನೋಡಿ. ಆ ವಯಸ್ಸಿಗೆ ಇದಕ್ಕಿಂತ ದೊಡ್ಡ ಸೌಲಭ್ಯ ಇಲ್ಲ ಅನ್ನುವುದು ನನ್ನ ಮೊಂಡು ವಾದ.

ಎರಡೂವರೆ ವರ್ಷಕ್ಕೇ ಯಾಕೆ ಅಂದರೆ ಅದಕ್ಕೂ ಲೆಕ್ಕ ಇದೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮ. 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ತಂದೆತಾಯಿ ಅಲ್ಲಿಂದ ಬೆರಳು ಮಡಿಸುತ್ತಾ ಹಿಂದಕ್ಕೆ ಬರುತ್ತಾರೆ. ಯುಕೆಜಿ, ಎಲ್‌ಕೆಜಿ, ನರ್ಸರಿ, ಅದಕ್ಕೂ ಮುಂಚೆ ಪ್ಲೇಹೋಮ್. ಹುಟ್ಟಿದ ದಿನಾಂಕದ ಮೇಲೆ ಆರೇಳು ದಿನಕ್ಕೆ ಜಗಳ ಆಡುವವರನ್ನು ನೋಡಿದ್ದೇನೆ. ಅಮ್ಮ ಕಣ್ಮರೆಯಾದರೆ ಮಗು ಕಂಗಾಲಾಗುವುದು ಎಂಟು ತಿಂಗಳ ಸುಮಾರಿಗೆ ಶುರುವಾಗಿ, ಒಂದು ಒಂದೂವರೆ ವರ್ಷದಲ್ಲಿ ಏರಿ, ಮೂರರ ಹೊತ್ತಿಗೆ ಸಾಮಾನ್ಯವಾಗಿ ಇಳಿಯುತ್ತದೆ. ಆರು ತಿಂಗಳು ತಡವಾದರೆ ಎಷ್ಟೋ ಸಲ ಅರ್ಧ ಅಳು ಅಲ್ಲೇ ಕಮ್ಮಿ.

ಇನ್ನೊಂದು ವಿಷಯ. ಶಾಲೆ ಶುರುವಾಗುವ ಮೊದಲೇ ನಾವು ಅದನ್ನು ಗುಮ್ಮ ಮಾಡಿಬಿಟ್ಟಿರುತ್ತೇವೆ. "ಊಟ ಮಾಡಲ್ವಾ? ತಡಿ, ಜೂನ್ ಬರಲಿ, ಸ್ಕೂಲಿಗೆ ಹಾಕಿಬಿಡ್ತೀನಿ." "ಹಟ ಮಾಡಿದ್ರೆ ಮಿಸ್ ಹತ್ರ ಹೇಳ್ತೀನಿ, ಕೋಲು ತಗೊಂಡು ಬರ್ತಾರೆ." ಬೇಸಿಗೆಯಿಡೀ ಇದೇ ಹಾಡು. ಜೂನಿನಲ್ಲಿ ಅದೇ ಮಗುವಿಗೆ, "ಸ್ಕೂಲು ಎಷ್ಟು ಚೆನ್ನಾಗಿದೆ ನೋಡು" ಅಂದರೆ ಅದು ಯಾವುದನ್ನು ನಂಬಬೇಕು? ಒಂದು ಹುಡುಗಿ ಮೊದಲ ದಿನ ನನ್ನ ಎರಡೂ ಕೈ ತಿರುಗಿಸಿ ನೋಡಿದಳು. ಆಮೇಲೆ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಕೋಲು ಹುಡುಕುತ್ತಿದ್ದಾಳೆ ಅಂತ ನನಗೆ ಗೊತ್ತಾಗುವುದಕ್ಕೆ ಎರಡು ದಿನ ಬೇಕಾಯಿತು.

ಭಾಷೆಯ ಕಥೆ ಇನ್ನೂ ಮಜಾ. ನಾನು ಈಗ ಸೇರಿಸಿಕೊಳ್ಳುವಾಗಲೇ ಮನೆಯವರಿಗೆ ಒಂದು ಪ್ರಶ್ನೆ ಕೇಳುತ್ತೇನೆ: ಒಂದಕ್ಕೆ ಬಂದರೆ ನಿಮ್ಮ ಮಗು ಏನನ್ನುತ್ತದೆ? ಎರಡಕ್ಕೆ ಬಂದರೆ? ಜನ ನಾಚಿಕೊಳ್ಳುತ್ತಾರೆ. ನಾಚಿಕೊಳ್ಳುವ ವಿಷಯ ಅಲ್ಲ ಇದು. ಸೂಸು, ಶೂ, ಉಚ್ಚೆ, ಜೊತೆಗೆ ತುಳು, ಉರ್ದು, ತಮಿಳು ಮನೆಗಳ ಮಾತು ಬೇರೆ. ಒಬ್ಬ ಹುಡುಗ ಬೆಳಿಗ್ಗೆಯಿಂದ ನನ್ನ ಸೆರಗು ಜಗ್ಗಿ, "ಮಿಸ್, ತೆಂಗಿನ ಮರಕ್ಕೆ ನೀರು ಹಾಕ್ಬೇಕು" ಅನ್ನುತ್ತಿದ್ದ. ಎಂಥ ಒಳ್ಳೆ ಹುಡುಗ ಅಂತ ನಾನು ಪುಟ್ಟ ಜಗ್ಗಿನಲ್ಲಿ ನೀರು ಕೊಟ್ಟೆ. ತೆಂಗಿನ ಮರ ಇಲ್ಲ, ತುಳಸಿ ಗಿಡಕ್ಕೆ ಹಾಕು ಅಂದೆ. ಅವನು ಜಗ್ಗನ್ನೂ ನನ್ನನ್ನೂ ನೋಡಿ ಹೋ ಅಂತ ಅತ್ತ. ಅಷ್ಟರಲ್ಲಿ ಚಡ್ಡಿ ಒದ್ದೆ. ಮನೆಗೆ ಹೋಗುವ ಹೊತ್ತಿಗೆ ತಾತ ಬಂದಾಗ ಗುಟ್ಟು ರಟ್ಟಾಯಿತು. ಹಿತ್ತಲಲ್ಲಿ ತೆಂಗಿನ ಮರದ ಬುಡಕ್ಕೆ ನಿಲ್ಲಿಸಿ ಅಭ್ಯಾಸ ಮಾಡಿಸಿದ್ದು ಅವರೇ. ಅಳುವ ಮಗು ಅಮ್ಮನಿಗಾಗಿಯೇ ಅಳುತ್ತಿದೆ ಅಂದುಕೊಳ್ಳುವುದು ಟೀಚರ್‌ಗಳ ದೊಡ್ಡ ಸೋಮಾರಿತನ. ಎಷ್ಟೋ ಸಲ ಅದು ಬರೀ ಒಂದಕ್ಕೆ ಬಂದಿರುತ್ತದೆ. ಹೊಸ ಕಕ್ಕಸಿಗೆ ಹೆದರಿ ಮನೆಗೆ ಹೋಗುವ ತನಕ ಕಟ್ಟಿಕೊಂಡೇ ಇರುವ ಮಕ್ಕಳೂ ಇದ್ದಾರೆ. ಅವರನ್ನು ಮೊದಲ ದಿನವೇ ಅಮ್ಮನ ಜೊತೆ ಕರೆದುಕೊಂಡು ಹೋಗಿ ಫ್ಲಶ್ ಮಾಡಿಸಿ ತೋರಿಸುತ್ತೇವೆ. ಆ ಸದ್ದಿಗೇ ಅರ್ಧ ಹೆದರಿಕೆ.

ಬ್ಯಾಗಿನಲ್ಲಿ ಮನೆಯ ಒಂದು ವಸ್ತು ಇರಲಿ ಅನ್ನುತ್ತೇನೆ. ಹೊಸದು ಬೇಡ. ಒಂದು ಮಗು ಅಜ್ಜಿಯ ಹಳೆ ಸೀರೆಯ ತುಂಡು ತರುತ್ತಿತ್ತು, ವಿಕ್ಸ್ ಮತ್ತು ಕೊಬ್ಬರಿ ಎಣ್ಣೆ ವಾಸನೆಯದ್ದು. ಅವರಮ್ಮ ಪಾಪ, ಗಲೀಜಾಗಿದೆ ಅಂತ ಒಂದು ಶನಿವಾರ ಒಗೆದುಬಿಟ್ಟರು. ಸೋಮವಾರ ಮಗು ಅದನ್ನು ಮೂಸಿ ನೋಡಿ ಪಕ್ಕಕ್ಕೆ ಎಸೆಯಿತು. ಅಜ್ಜಿಯೇ ಬಂದು ಮತ್ತೆರಡು ದಿನ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿ ಸರಿ ಮಾಡಿಕೊಡಬೇಕಾಯಿತು.

ತಂದೆತಾಯಿಗೆ ಜಾಸ್ತಿ ಗಾಬರಿಯಾಗುವುದು ಶಾಲೆಯಲ್ಲಿ ಅಲ್ಲ, ಮನೆಯಲ್ಲಿ. "ಸ್ಕೂಲಲ್ಲಿ ಚಿನ್ನದಂಥ ಹುಡುಗ ಅಂತೀರಾ, ಮನೆಗೆ ಬಂದ್ರೆ ರಾಕ್ಷಸ" ಅನ್ನುತ್ತಾರೆ. ಒಗ್ಗಿದ ಹುಡುಗಿ ಮತ್ತೆ ಹಾಸಿಗೆ ಒದ್ದೆ ಮಾಡುತ್ತಾಳೆ. ತಾನೇ ಊಟ ಮಾಡುತ್ತಿದ್ದವನು ತುತ್ತು ತಿನ್ನಿಸು ಅನ್ನುತ್ತಾನೆ. ಇದು ಆಗುವುದೇ ಹೀಗೆ. ಮೂರು ಗಂಟೆ ಹೊತ್ತು ಸಾಲಿನಲ್ಲಿ ನಿಂತು, ಗೊಂಬೆ ಹಂಚಿಕೊಂಡು, ಅಳು ನುಂಗಿಕೊಂಡು ಬಂದಿರುತ್ತದೆ. ಅಷ್ಟನ್ನೂ ಬಿಚ್ಚಿ ಹಾಕುವುದಕ್ಕೆ ನಂಬಿಕೆಯ ಜಾಗ ಬೇಡವಾ? ಆ ಹೊತ್ತಿನಲ್ಲಿ, "ಏನು ಕಲಿಸಿದ್ರು? ಎಬಿಸಿಡಿ ಹೇಳು ನೋಡೋಣ" ಅಂತ ಪರೀಕ್ಷೆಗೆ ಕೂರಿಸಬೇಡಿ. ಏನಾದರೂ ತಿನ್ನಲು ಕೊಡಿ, ತೊಡೆ ಮೇಲೆ ಕೂರಿಸಿಕೊಳ್ಳಿ, ಸುಮ್ನೆ ಇರಿ. ರಾತ್ರಿ ಕಥೆ ಹೇಳುವಾಗ ಅದೇ ಹೇಳುತ್ತದೆ, ಯಾರು ಯಾರಿಗೆ ಕಚ್ಚಿದರು ಅಂತ.

ಜುಲೈ ಹೊತ್ತಿಗೆ ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ನೆಗಡಿ, ಜ್ವರ, ಕೈ ಕಾಲು ಬಾಯಿಯ ಗುಳ್ಳೆ. ಒಬ್ಬರಿಂದ ಒಬ್ಬರಿಗೆ. ಒಂದು ವಾರ ಮನೆಯಲ್ಲಿದ್ದ ಮಗು ಮತ್ತೆ ಗೇಟಿನ ಹತ್ತಿರ ಮೊದಲ ದಿನದ ಹಾಗೆ ನಿಲ್ಲುತ್ತದೆ. ಪರವಾಗಿಲ್ಲ. ಎರಡನೇ ಸಲ ಬೇಗ ಆಗುತ್ತದೆ.

ತೆಂಗಿನ ಮರದ ಹುಡುಗನ ತಾತ ಆಗಸ್ಟ್ ತನಕ ದಿನಾ ಗೇಟಿನ ಆಚೆ ಸ್ಕೂಟರ್ ಮೇಲೆ ಪೇಪರ್ ಓದುತ್ತಾ ಕೂತಿರುತ್ತಿದ್ದರು. "ಮನೇಲಿ ಏನ್ ಕೆಲ್ಸ ಇದೆ ಬಿಡಿ ಮೇಡಂ" ಅನ್ನುತ್ತಿದ್ದರು. ಹುಡುಗ ಒಂದು ದಿನ ಒಳಗೆ ಬಂದು, ಚಪ್ಪಲಿ ಬಿಟ್ಟು, ಏನೋ ನೆನಪಾಗಿ ಮತ್ತೆ ಗೇಟಿನ ತನಕ ಓಡಿದ. ಸರಳಿನ ಸಂದಿಯಲ್ಲಿ ಮುಖ ತೂರಿಸಿ, "ತಾತಾ, ಹೋಗ್ಬಾ" ಅಂದ. ತಾತ ಪೇಪರ್ ಮಡಿಸಿದರು. ಸ್ಕೂಟರ್ ಎರಡು ಮೂರು ಕಿಕ್‌ಗೆ ಸ್ಟಾರ್ಟ್ ಆಗಲಿಲ್ಲ. ಹುಡುಗ ಅಷ್ಟು ಹೊತ್ತಿಗೆ ಒಳಗೆ ಹೋಗಿಯಾಗಿತ್ತು.

ಆಮೇಲೆ ದಸರಾ ರಜೆ ಬಂತು. ಮೈಸೂರಲ್ಲಿ ದಸರಾ ಅಂದರೆ ಗೊತ್ತಲ್ಲ, ಮನೆ ತುಂಬ ನೆಂಟರು, ರಾತ್ರಿ ದೀಪ ನೋಡುವುದು, ಜನಜಂಗುಳಿ, ಬೊಂಬೆ ಮನೆಗಳ ತಿಂಡಿ. ಶಾಲೆ ಅನ್ನುವುದೊಂದು ಇದೆ ಅಂತ ಮಕ್ಕಳಿಗೆ ಮರೆತೇ ಹೋಗಿರುತ್ತದೆ. ರಜೆ ಮುಗಿಯುವ ಭಾನುವಾರ ಸಂಜೆ ನನಗೆ ಆಯಮ್ಮನ ಫೋನ್.

"ಮಿಸ್, ನಾಳೆ ಹಳೇ ಸೀರೆ."